ಇಲಿಯಲ್ಲಿ ಕಂಡಿದೆ, ಮನುಷ್ಯರಲ್ಲಿ ಖಾತ್ರಿಯಿಲ್ಲ

ತೀರಿಕೊಂಡವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬೇಕು ಅನ್ನುತ್ತಾರೆ. ಪ್ರಯತ್ನ ಮಾಡುತ್ತೇನೆ. ಆದರೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ಈ ಒಬ್ಬರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅವರು ಹೋಗಿ ಎಂಟು ತಿಂಗಳಾಯಿತು. ಅವರು ಬರೆದಿಟ್ಟ ಹಾಳೆಗಳ ಕಟ್ಟು ನನ್ನ ಮೇಜಿನ ಮೇಲಿದೆ. ಅದನ್ನು ಬಿಚ್ಚಿದಾಗಲೆಲ್ಲ ಅವರು ಪಕ್ಕದ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತ "ಹಂಗ ಹೇಳಾಕ ಬರೂದಿಲ್ರಿ" ಅಂದಂತಾಗಿ ನನ್ನ ತಲೆ ಬಿಸಿಯಾಗುತ್ತದೆ.

ಗದಗಿನ ಒಂದು ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಅವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಹದಿನೇಳು ವರ್ಷ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ. ಹುಡುಗರು ಅವರಿಗೆ 'ಖಾತ್ರಿಯಿಲ್ಲ ಸರ್' ಅಂತ ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. "ಹುಡುಗರು ಪಾಠ ಕೇಳಿಸಿಕೊಂಡಾರ ಅಂತಾತು" ಅಂತ ಖುಷಿಪಟ್ಟಿದ್ದರು. ಇಲ್ಲಿ ನಾನು ಅವರನ್ನು ಸರ್ ಅಂತಲೇ ಕರೆಯುತ್ತೇನೆ.

ಅವರ ಬಾಯಿಂದ ಒಂದು 'ಹೌದು' ಹೊರಡಿಸುವುದೆಂದರೆ ಹಲ್ಲು ಕೀಳಿಸಿದಷ್ಟು ಕಷ್ಟ. ದಿನಾ ಲಕ್ಷ್ಮೇಶ್ವರದಿಂದ ಬಸ್ಸಿಗೆ ಬಂದು ಹೋಗುವವರು. ಸಂಜೆ ಸ್ಟ್ಯಾಂಡಿನಲ್ಲಿ ಯಾರೋ ಹೆಂಗಸು "ಅಣ್ಣಾರ, ಐದೂವರಿಗೆ ಲಕ್ಷ್ಮೇಶ್ವರ ಬಸ್ ಐತೇನ್ರಿ?" ಅಂತ ಕೇಳಿದರೆ ಇವರ ಉತ್ತರ: "ನಿನ್ನಿ ಇತ್ರಿ." ಆ ಹೆಂಗಸು ಗಾಬರಿಯಾಗಿ ನನ್ನ ಮುಖ ನೋಡುತ್ತಿದ್ದಳು. "ಐತ್ರಿ, ಬರತೈತಿ, ಕುಂಡ್ರಿ" ಅಂತ ನಾನು ಸಮಾಧಾನ ಮಾಡಬೇಕು. ಬಸ್ಸು ಬರುತ್ತಿತ್ತು. ಒಂದು ದಿನ ಮಾತ್ರ ಬರಲಿಲ್ಲ. ಆ ದಿನ ಅವರು ಕನ್ನಡಕವಷ್ಟೇ ಒರೆಸಿಕೊಂಡರು. ಅದಕ್ಕೇ ನನಗೆ ಇನ್ನಷ್ಟು ರೇಗಿತು.

ಹುಡುಗರಿಗೆ ನಡತೆಯ ಪ್ರಮಾಣಪತ್ರ ಕೊಡುವಾಗ ನಾವೆಲ್ಲ 'ನಡತೆ ಉತ್ತಮ' ಅಂತ ಗೀಚಿ ಸಹಿ ಹಾಕುತ್ತೇವೆ. ಇವರು 'ನನ್ನ ತಾಸಿನಲ್ಲಿ, ನಾನು ನೋಡಿದ ಮಟ್ಟಿಗೆ, ಉತ್ತಮ' ಅಂತ ಬರೆದಿದ್ದರು. ಶಿರಹಟ್ಟಿಯ ಒಬ್ಬ ಹುಡುಗನ ಅಪ್ಪ ಆ ಕಾಗದ ಹಿಡಿದು ಪ್ರಾಚಾರ್ಯರ ಕೋಣೆಗೇ ನುಗ್ಗಿದ್ದ. "ಅಂದ್ರ ಬ್ಯಾರೆ ತಾಸಿನ್ಯಾಗ ನನ್ನ ಮಗ ಏನ ಮಾಡ್ಯಾನು?" ಅಂತ ಅವನ ತಕರಾರು. ಸರ್ ಅವನನ್ನು ಕೂರಿಸಿ ಚಹಾ ತರಿಸಿ, ಬೇರೆ ತಾಸಿನಲ್ಲಿ ತಾನು ಇರುವುದಿಲ್ಲವಾದ್ದರಿಂದ ಆ ಬಗ್ಗೆ ಹೇಳಲು ಬರುವುದಿಲ್ಲ ಅಂತ ಅರ್ಧ ತಾಸು ವಿವರಿಸಿದರು. ಕೊನೆಗೆ ನಾನೇ ಇನ್ನೊಂದು ಕಾಗದ ಬರೆದು ಸಹಿ ಹಾಕಿ ಕಳಿಸಿದೆ.

ಅವರದು ಲಕ್ಷ್ಮೇಶ್ವರದ ಪಿಂಜಾರ ಮನೆತನ. ಅಪ್ಪ ಹಿಂಜುವ ಬಿಲ್ಲು ಹೆಗಲ ಮೇಲಿಟ್ಟುಕೊಂಡು, ಅದರ ನರ ಮೀಟಿ ಸದ್ದು ಮಾಡುತ್ತ ಓಣಿ ಓಣಿ ತಿರುಗಿ, ಗಂಟುಗಟ್ಟಿದ ಹಳೆಯ ಗಾದಿ ದಿಂಬು ಬಿಚ್ಚಿ, ಅರಳೆ ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುತ್ತಿದ್ದರಂತೆ. ಆ ಮನೆಯಿಂದ ಓದಿ ಬಂದ ಇವರು ಎಲ್ಲೋ ದೂರದ ಪಟ್ಟಣದ ಪ್ರಯೋಗಾಲಯದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದರು. ಅಪ್ಪನ ಕಣ್ಣು ಹೋದಾಗ ಅದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಬಂದರು. ಬರುವಾಗ ತಂದದ್ದು ಎರಡು ಚಿತ್ರ. ಸೂಕ್ಷ್ಮದರ್ಶಕಕ್ಕೆ ಕನ್ನಡಿ ಕಟ್ಟಿ, ಒಳಗೆ ಕಂಡದ್ದರ ನೆರಳು ಕಾಗದದ ಮೇಲೆ ಬೀಳುವಂತೆ ಮಾಡಿ, ಪೆನ್ಸಿಲ್ಲಿನಿಂದ ಗೆರೆಗೆ ಗೆರೆ ಹಿಂಬಾಲಿಸಿ ಬಿಡಿಸಿದ ಮಿದುಳಿನ ಕೋಶಗಳು. ಆ ಎರಡು ಹಾಳೆಗಳನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಚೀಲದಲ್ಲಿ ಇಟ್ಟುಕೊಂಡೇ ಇರುತ್ತಿದ್ದರು. ಬೇರೆಯವರು ಮೊಮ್ಮಕ್ಕಳ ಫೋಟೋ ತೋರಿಸಿದರೆ ಇವರು ಅದನ್ನು ತೆಗೆಯುತ್ತಿದ್ದರು.

ಮೊದಲ ಹಾಳೆಯಲ್ಲಿ ಮೈತುಂಬ ಕವಲೊಡೆದ ಕೋಶ. ಆ ಕವಲುಗಳ ಮೇಲೆ ಜಾಲಿಯ ಟೊಂಗೆಗೆ ಇದ್ದಂತೆ ಪುಟ್ಟ ಪುಟ್ಟ ಮುಳ್ಳು. ಎರಡನೆಯದರಲ್ಲಿ ಕವಲು ಮೊಟಕು, ಮುಳ್ಳು ವಿರಳ, ಯಾರೋ ಕತ್ತರಿ ಆಡಿಸಿದಂತೆ.

"ಎರಡೂ ಒಂದ ಜಾತಿ ಕೋಶ ರಿ" ಅಂದಿದ್ದರು ಮೊದಲ ಸಲ ತೋರಿಸುವಾಗ. "ಇದರ ಮೈ ಮ್ಯಾಲಿನ ಒಂದು ರಿಸೆಪ್ಟರ್ ಎಬ್ಬಿಸಿದ್ವಿ. ಅದರದ್ದು ಮುಚ್ಚಿಬಿಟ್ವಿ. ಅಷ್ಟ ಫರಕ."

"ರಿಸೆಪ್ಟರ್ ಅಂದ್ರ?"

"ಕದ ಅನ್ರಿ ಸದ್ಯಕ್ಕ. ಸೆರೊಟೋನಿನ್ ಅಂತ ಒಂದು ಐತೆಲ್ಲ, ಅದು ಒಳಗ ಹೋಗೂದಿಲ್ಲ. ಹೊರಗ ನಿಂತು ಕದ ಬಡದು ಖಬರ ಕೊಟ್ಟು ಹೊಂಟ ಹೋಗತೈತಿ. ಖಬರ ಕೇಳಿ ಒಳಗಿನವರು ಹಂದರದ ಕಂಬ ಕಿತ್ತು ಬ್ಯಾರೆ ಕಡೆ ನಿಲ್ಲಸ್ತಾರ. ಹಂದರ ಸರದಂಗ ಸರದಂಗ ಕೋಶದ ಆಕಾರನ ಬದಲಾಗತೈತಿ. ಮತ್ತ ಕದ ಒಂದೊಂದು ಒಂದೊಂದು ತರಾ. ಅದ ಖಬರ ಈ ಕದಕ್ಕ ಬಂದ್ರ ಕವಲ ಒಡಿ ಅಂತೈತಿ, ಆ ಕದಕ್ಕ ಬಂದ್ರ ಒಳಗ ಎಳಕೋ ಅಂತೈತಿ."

ನಾನು ಕನ್ನಡದ ಮನುಷ್ಯ, ಇಂಥ ಮಾತಿಗೆ ಸೋತುಬಿಡುತ್ತೇನೆ. "ಎಷ್ಟ ಛಂದ ಹೇಳಿದ್ರಿ ಸರ್! ಬರಕೋತೇನಿ ತಡೀರಿ" ಅಂದೆ.

"ಬರಕೋಬ್ಯಾಡ್ರಿ. ಛಂದ ಐತಿ, ಖರೆ ಅಲ್ಲ. ಅಲ್ಲಿ ಕದಾನೂ ಇಲ್ಲ, ಹಂದರಾನೂ ಇಲ್ಲ."

ಇದು ಅವರ ರೋಗ. ಕೈಗೆ ಕೊಟ್ಟದ್ದನ್ನು ಅಲ್ಲೇ ಕಿತ್ತುಕೊಳ್ಳುತ್ತಿದ್ದರು. ಪತ್ರಿಕೆಯಲ್ಲಿ ಯಾರೋ ಸೆರೊಟೋನಿನ್ನಿಗೆ 'ಖುಷಿಯ ರಸ' ಅಂತ ಬರೆದದ್ದು ನೋಡಿ ಒಂದು ವಾರ ಕುದ್ದರು. "ಮೈಯಾಗಿನ ಸೆರೊಟೋನಿನ್ ಬಹಳಷ್ಟು ಇರೂದು ಹೊಟ್ಟಿಯೊಳಗ ರಿ. ಹಂಗಾರ ಉಂಡ ಹೊಟ್ಟಿ ನಗಬೇಕಾತಲ್ಲ?" ಅಂತ ಸ್ಟಾಫ್ ರೂಮಿನಲ್ಲಿ ಕಂಡಕಂಡವರನ್ನು ಕೇಳಿದರು. ವಾಣಿಜ್ಯ ವಿಭಾಗದವರು ಡಬ್ಬಿ ಮುಚ್ಚಿಕೊಂಡು ಬೇರೆ ಕೋಣೆಗೆ ಊಟಕ್ಕೆ ಹೋಗತೊಡಗಿದರು.

ಪುಸ್ತಕ ಬರೆಸುವ ಹುಚ್ಚು ನನಗೆ ಹತ್ತಿದ್ದು ಆಗಲೇ. ನಮ್ಮ ಕಡೆಯ ಹುಡುಗರಿಗೆ, ಮನೆಯ ಹೆಣ್ಣುಮಕ್ಕಳಿಗೆ ತಿಳಿಯುವ ಹಾಗೆ, ಮಿದುಳಿನ ಕೋಶದ ಆಕಾರ ಹೇಗೆ ಬದಲಾಗುತ್ತದೆ ಅಂತ ಒಂದು ಸಣ್ಣ ಪುಸ್ತಕ. ಅವರು ಒಪ್ಪಿದರು. ಬರೆದರು ಕೂಡ, ಮತ್ತು ಎಂಥ ಕನ್ನಡ! ಒಂದು ಅಡ್ಡಮಾತಿಲ್ಲ, ಒಂದು ಉಬ್ಬಿಲ್ಲ. ಆದರೆ ಪ್ರತಿಯೊಂದು ಒಳ್ಳೆಯ ಭಾಗದ ಕೊನೆಗೆ ಬಂದು ಕೂರುತ್ತಿತ್ತು ಒಂದು ವಾಕ್ಯ: 'ಇಲಿಯಲ್ಲಿ ಕಂಡಿದೆ, ಮನುಷ್ಯರಲ್ಲಿ ಖಾತ್ರಿಯಿಲ್ಲ.' ಓದುಗ ಒಳ್ಳೆ ಉತ್ಸಾಹದಲ್ಲಿ ಮೆಟ್ಟಿಲು ಹತ್ತಿ ಬಂದರೆ ಮೇಲೆ ಬೀಗ. ನಾನು ಆ ವಾಕ್ಯ ಹೊಡೆದುಹಾಕಿ ಹಾಳೆ ಮರಳಿಸುತ್ತಿದ್ದೆ. ಅವರು ಅದನ್ನು ಮತ್ತೆ ಬರೆದು, ಅಡಿಗೆರೆ ಎಳೆದು, ನನಗೇ ಕೊಡುತ್ತಿದ್ದರು. ಹೀಗೆ ಹಾಳೆಗಳು ಅವರ ಚೀಲದಿಂದ ನನ್ನ ಚೀಲಕ್ಕೆ ವರ್ಷಗಟ್ಟಲೆ ಓಡಾಡಿದವು. ಪುಸ್ತಕ ಆಗಲಿಲ್ಲ.

ಇಷ್ಟೇ ಆಗಿದ್ದರೆ ನಗುತ್ತ ಹೇಳಬಹುದಿತ್ತು. ನಗು ಬಾರದ್ದು ನನ್ನ ತಂಗಿಯ ವಿಷಯದಲ್ಲಿ.

ಆರು ವರ್ಷದ ಹಿಂದಿನ ಮಾತು. ತಂಗಿಯನ್ನು ಮುಂಡರಗಿಗೆ ಕೊಟ್ಟಿದೆ. ಗಂಡ ಅಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ, ಆಕೆ ಮನೆಯಲ್ಲಿ ಜಂಪರು ಹೊಲಿಯುತ್ತಾಳೆ. ಒಂದು ಮಗಳು. ಕಾರಣ ಅನ್ನುವಂಥದ್ದು ಏನೂ ಇಲ್ಲದೆ ಆಕೆ ಆ ವರ್ಷ ಮಾತು ಕಡಿಮೆ ಮಾಡಿದಳು. ಆಮೇಲೆ ಹೊಲಿಗೆ ಬಿಟ್ಟಳು. ಆಮೇಲೆ ಮಗಳ ಜಡೆ ಹಾಕುವುದನ್ನೂ ಬಿಟ್ಟಳು. ಗೋಡೆ ಕಡೆ ಮುಖ ಮಾಡಿ ಕೂತರೆ ಹೊತ್ತು ಹೊರಳಿದ್ದು ಗೊತ್ತಾಗುತ್ತಿರಲಿಲ್ಲ. ಗಂಡ ಪಾಪ, ಅಂಗಡಿ ಮುಚ್ಚಿ ಒಂದು ತಿಂಗಳು ತಾನೇ ರೊಟ್ಟಿ ಬಡಿದ. ಕೊನೆಗೆ ಬೆಟಗೇರಿಗೆ ನಮ್ಮ ಮನೆಗೆ ಕರೆದುಕೊಂಡು ಬಂದ. ನಾನು ಗದಗಿನ ಮನೋರೋಗದ ಡಾಕ್ಟರರ ಹತ್ತಿರ ಕರೆದೊಯ್ದೆ. ಅವರು ಗುಳಿಗೆ ಬರೆದುಕೊಟ್ಟು, ಗುಣ ಕಾಣಲು ನಾಲ್ಕು ವಾರ, ಆರು ವಾರ ಬೇಕಾಗಬಹುದು, ನಡುವೆ ಬಿಡಬಾರದು ಅಂದರು.

ಹನ್ನೆರಡು ದಿನ ಆಯಿತು. ಹೊಟ್ಟೆ ತೊಳಸುವುದು ಶುರುವಾದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಅವ್ವ ದಿನಾ ಬೆಳಿಗ್ಗೆ ಆಕೆಯ ತಲೆ ಸವರಿ "ನಾಳಿಗೆ ಆರಾಮ ಆಗ್ತಿ ನೋಡ ಮಗಳ" ಅನ್ನುವಳು. ನಾನೂ ಕಾಲೇಜಿಗೆ ಹೊರಡುವಾಗ ಅದನ್ನೇ ಅನ್ನುತ್ತಿದ್ದೆ. ತಂಗಿಯ ಗಂಡ ಮುಂಡರಗಿಯಿಂದ ಬಂದವನು ಗುಳಿಗೆ ಬಿಡಿಸುತ್ತೇನೆ ಅಂತ ಕೂತ. "ಮೋಟರ್ ಸುತ್ತಿದ ಮ್ಯಾಲೆ ಗುಂಡಿ ಒತ್ತಿದ್ರ ತಿರುಗಬೇಕ್ರಿ. ಹನ್ನೆರಡು ದಿನ ಕಾಯೂದು ಎಂಥಾ ಔಷಧ? ಇದ್ದ ಹೊಟ್ಟೀನೂ ಕೆಡಸೇತಿ" ಅನ್ನುವುದು ಅವನ ವಾದ. ನನ್ನ ಮಾತು ಅವನಿಗೆ ನಾಟಲಿಲ್ಲ. ಕನ್ನಡ ಮಾಸ್ತರನಿಗೆ ಔಷಧದ ವಿಷಯ ಏನು ಗೊತ್ತು?

ಆಗ ನನಗೆ ಹೊಳೆದದ್ದು ಸರ್. ಗುಳಿಗೆ ಕೆಲಸ ಮಾಡುವುದೇ ಸೆರೊಟೋನಿನ್ ಮೇಲೆ. ಈ ವಿಷಯ ಬಲ್ಲ ಮನುಷ್ಯ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದಾರೆ. ರವಿವಾರ ಅವರನ್ನು ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಕರೆದುಕೊಂಡು ಬೆಟಗೇರಿಗೆ ಹೊರಟೆ. ದಾರಿಯುದ್ದ ಪಾಠ ಒಪ್ಪಿಸಿದೆ.

"ಸರ್, ಅಲ್ಲಿ ನಿಮ್ಮ ಖಾತ್ರಿಯಿಲ್ಲ ಗಿಲ್ಲ ತೆಗೀಬ್ಯಾಡ್ರಿ. ಎರಡ ಮಾತು. ಗುಳಿಗಿ ಬಿಡಬ್ಯಾಡ್ರಿ, ಆರಾಮ ಆಗತೈತಿ. ಮುಗೀತು."

"ಗುಳಿಗಿ ಬಿಡಬ್ಯಾಡ್ರಿ ಅಂತ ಹೇಳತೇನಿ" ಅಂದರು.

ಎರಡರಲ್ಲಿ ಒಂದಕ್ಕೆ ಮಾತ್ರ ಅವರು ಒಪ್ಪಿದ್ದು ನನಗೆ ಆಗ ಗೊತ್ತಾಗಲಿಲ್ಲ. ಖುಷಿಯಲ್ಲಿದ್ದೆ.

ಮನೆಯಲ್ಲಿ ಅವ್ವ, ತಂಗಿಯ ಗಂಡ, ನಾನು, ಸರ್ ಹಾಲಿನಲ್ಲಿ ಕೂತೆವು. ತಂಗಿ ಎಂದಿನಂತೆ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ ಕೂತಿದ್ದಳು. ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತಿತ್ತು. ಸರ್ ಚಹಾ ಕುಡಿದು, ಹಾಸಿಗೆಯ ಮೇಲಿದ್ದ ಒಂದು ಹಳೆಯ ದಿಂಬು ಎತ್ತಿಕೊಂಡು ಒತ್ತಿ ನೋಡಿದರು. ಕಲ್ಲಿನಂತಾಗಿತ್ತು. ಅವ್ವನನ್ನು ಕೇಳದೆ ಅದರ ಮೂಲೆಯ ಹೊಲಿಗೆ ಉಗುರಿನಿಂದ ಬಿಚ್ಚಿ ಒಂದು ಹಿಡಿ ಅರಳೆ ಹೊರತೆಗೆದರು. ಅವ್ವ ಬಾಯಿಗೆ ಸೆರಗು ಇಟ್ಟುಕೊಂಡಳು.

"ನೋಡ್ರಿ. ಒತ್ತಿ ಒತ್ತಿ ಗಂಟ ಆಗೈತಿ. ಅರಳಿ ಕೆಟ್ಟಿಲ್ಲ, ಅದರ ಆಕಾರ ಹೋಗೇತಿ" ಅನ್ನುತ್ತ ಬೆರಳ ತುದಿಯಿಂದ ಆ ಗಂಟನ್ನು ಎಳೆ ಎಳೆಯಾಗಿ ಬಿಡಿಸತೊಡಗಿದರು. "ಬಹಳ ದಿನ ಮನಸಿಗೆ ಭಾರ ಬಿದ್ರ ಮಿದುಳಿನ ಕೆಲವು ಕೋಶದ ಕವಲ ಹಿಂಗ ಮೊಟಕ ಆಗತಾವು. ಗುಳಿಗಿ ನುಂಗಿದ ತಾಸಿನ್ಯಾಗನ ಸೆರೊಟೋನಿನ್ ಹೆಚ್ಚಾಗತೈತಿ. ಅದು ಜಲ್ದಿ ಆಗೂ ಕೆಲಸ. ಆದ್ರ ಅದು ಹೋಗಿ ಕದ ಬಡೀಬೇಕು, ಒಳಗ ಖಬರ ಮುಟ್ಟಬೇಕು, ಕೋಶ ಮತ್ತ ಕವಲ ಒಡೀಬೇಕು. ಇದು ನಿಧಾನ ಕೆಲಸ. ಹಿಂಜೂದು ಅವಸರದಾಗ ಆಗೂದಿಲ್ರಿ."

ಅವರ ಕೈಯಲ್ಲಿ ಆ ಗಂಟು ಅರಳಿ ಬೊಗಸೆ ತುಂಬಿತ್ತು. ಅಪ್ಪನ ಕಸುಬು ಬೆರಳಿಗೆ ಬಂದಿತ್ತು. ತಂಗಿಯ ಗಂಡ ಮುಂದೆ ಬಗ್ಗಿ ನೋಡುತ್ತಿದ್ದ. ಮೋಟರಿನ ಸುರುಳಿ ಸುತ್ತುವವನಿಗೆ ಕೈಕೆಲಸ ಅರ್ಥವಾಗುತ್ತದೆ. "ಹಂಗಾರ ಸುತ್ತೂದು ಇನ್ನೂ ನಡದೈತಿ ಅಂತಾತು" ಅಂದ. ಗೆದ್ದೆವು ಅಂದುಕೊಂಡೆ. ಆಮೇಲೆ ಅವನು ಕೇಳಿದ:

"ಈಗ ಈಕಿ ತಲಿಯೊಳಗ ಹಿಂಗ ಆಗಾಕ ಹತ್ತೇತಿ ಅನ್ನೂದು ಖರೆ ಏನ್ರಿ ಸರ್?"

ನಾನು ಕಣ್ಣಲ್ಲೇ ಬೇಡಿಕೊಂಡೆ. ಕಾಲಿನಿಂದ ಅವರ ಕಾಲು ಒತ್ತಿದೆ. ಅವರು ಅರಳೆಯನ್ನು ದಿಂಬಿನ ಮೇಲಿಟ್ಟು ಕನ್ನಡಕ ತೆಗೆದು ಒರೆಸತೊಡಗಿದರು. ಮುಗಿಯಿತು ಅಂತ ನನಗೆ ಅಲ್ಲೇ ಗೊತ್ತಾಯಿತು.

"ಅದು ಹೇಳಾಕ ಬರೂದಿಲ್ರಿ. ಇಲಿಯೊಳಗ ನೋಡೇವಿ, ಗಾಜಿನ ತಟ್ಟಿಯೊಳಗ ಬೆಳೆಸಿದ ಕೋಶದಾಗ ನೋಡೇವಿ. ಜೀವ ಇರೂ ಮನುಷ್ಯಾನ ತಲಿಯೊಳಗ ಅಷ್ಟ ಹತ್ತಿರ ಹೋಗಿ ನೋಡಾಕ ಆಗೂದಿಲ್ಲ. ಗುಳಿಗಿಯಿಂದ ಆರಾಮ ಆಗೂದು ಇದರಿಂದನ ಅನ್ನೂದೂ ಖಾತ್ರಿಯಿಲ್ಲ. ಬಹಳ ಮಂದಿಗೆ ಗುಣ ಬರತೈತಿ, ಕೆಲವೊಬ್ಬರಿಗೆ ಈ ಗುಳಿಗಿ ಹತ್ತೂದಿಲ್ಲ."

"ಹತ್ತೂದಿಲ್ಲ?"

"ಹೂನ್ರಿ. ಗುಳಿಗಿ ಸೋಲಬಹುದು."

ಅಷ್ಟು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ 'ಹೂನ್ರಿ' ಅದು. ಬೇಕಾದಲ್ಲಿ ಬರಲಿಲ್ಲ, ಬೇಡವಾದಲ್ಲಿ ಬಂತು. ತಂಗಿಯ ಗಂಡ ನನ್ನ ಕಡೆ ನೋಡಿ, "ನಿಮ್ಮ ಸರ್ ಖರೆ ಮನಷ್ಯಾರು. ಆತು, ಗುಳಿಗಿ ಸಾಕು. ನಾಳಿ ಈಕೀನ ಮುಂಡರಗಿಗೆ ಕರಕೊಂಡ ಹೊಕ್ಕೇನಿ" ಅಂದು ಎದ್ದು ಹೊರಗೆ ಹೋದ.

ಸರ್ ಆಮೇಲೂ ಹೊರಡಲಿಲ್ಲ. ಮೂಲೆಯಲ್ಲಿ ಕೂತ ನನ್ನ ತಂಗಿಯ ಹತ್ತಿರ ಹೋಗಿ ನೆಲದ ಮೇಲೆ ಕೂತರು. "ತಂಗೀ, ಹೊಟ್ಟಿ ತೊಳಸತೈತೇನವಾ?" ಅಂತ ಕೇಳಿದರು. ಆಕೆ ತಲೆ ಆಡಿಸಿದಳು. "ಅದು ಗುಳಿಗಿ ಮಾಡೂ ಕೆಲಸ. ಹೊಟ್ಟಿಯೊಳಗೂ ಅಂಥಾವ ಕದ ಅದಾವು, ಅವನ್ನೂ ಹೋಗಿ ಬಡೀತೈತಿ. ಬಹಳ ಮಂದಿಗೆ ತಾನ ಕಡಿಮಿ ಆಗತೈತಿ. ಡಾಕ್ಟರಿಗೆ ಹೇಳು. ಆರು ವಾರ ನೋಡು. ಆಗಲಿಲ್ಲಂದ್ರ ಅವರು ಬ್ಯಾರೆ ಗುಳಿಗಿ ಕೊಡತಾರ." ಇಷ್ಟು ಹೇಳಿ ಅವ್ವನಿಂದ ಸೂಜಿ ದಾರ ಇಸಿದುಕೊಂಡು, ಬಿಚ್ಚಿದ ದಿಂಬಿನ ಮೂಲೆ ಹೊಲಿದು, ಹಲ್ಲಿನಿಂದ ದಾರ ಕಡಿದು ಎದ್ದರು.

ಸ್ಟ್ಯಾಂಡಿಗೆ ಮರಳುವಾಗ ಆಟೋದಲ್ಲಿ ನಾನು ಒಂದೇ ಮಾತು ಆಡಿದೆ. "ಒಂದು ಸುಳ್ಳು ಹೇಳಿದ್ರ ನಿಮ್ಮ ಗಂಟೇನ ಹೋಗತಿತ್ತು?"

"ನನಗೂ ಅದ ವಿಚಾರ ಬಂತ್ರಿ. ಬಾಯಿ ಬರಲಿಲ್ಲ" ಅಂದರು.

ಮರುದಿನ ನಾನು ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಎತ್ತಿ ಕಿಟಕಿಯ ಕಡೆ ಹಾಕಿಕೊಂಡೆ. ಎಲ್ಲರೂ ನೋಡಿದರು. ಅವರೂ ನೋಡಿದರು. ಎರಡು ತಿಂಗಳು ಅವರೊಡನೆ ಮಾತಾಡಲಿಲ್ಲ. ನನ್ನ ತಂಗಿಯ ಜೀವಕ್ಕಿಂತ ಇವರಿಗೆ ತಮ್ಮ ವಾಕ್ಯ ದೊಡ್ಡದಾಯಿತೇ ಅಂತ ನಿಜಕ್ಕೂ ಹೊಟ್ಟೆ ಉರಿದಿತ್ತು.

ಮುಂಡರಗಿಗೆ ಹೋದ ನಾಲ್ಕನೇ ದಿನ ತಂಗಿಯ ಗಂಡ ಫೋನು ಮಾಡಿದ. "ಏನ ಹೇಳಿ ಕೊಟ್ಟೀರಿ ಈಕಿಗೆ? ಗುಳಿಗಿ ಬಿಡಾಂಗಿಲ್ಲ ಅಂತ ಕುಂತಾಳ. ಚೀಟಿ ಸಹಿತ ಸೆರಗಿನ್ಯಾಗ ಕಟಗೊಂಡಾಳ. ಮುಟ್ಟಾಕ ಹೋದ್ರ ಕೈ ಝಾಡಿಸಿದ್ಲು" ಅಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಿತ್ತು. ಎಷ್ಟೋ ತಿಂಗಳ ಮೇಲೆ ಆಕೆ ಯಾವುದಕ್ಕೋ ಹಟ ಹಿಡಿದಿದ್ದಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಅವನೇ ಆಕೆಯನ್ನು ಗದಗಿಗೆ ಕರೆತಂದ. ಡಾಕ್ಟರು ಹೊಟ್ಟೆಗೆ ಏನೋ ಕೊಟ್ಟರು, ಗುಳಿಗೆಯ ಪ್ರಮಾಣ ಸ್ವಲ್ಪ ಏರಿಸಿದರು. ಐದನೇ ವಾರ ಮುಗಿಯಿತು, ಆರನೆಯದೂ ಮುಗಿಯಿತು. ಹತ್ತನೆಯ ವಾರ ದಾಟಿದ ಮೇಲೆ ಒಂದು ಮಧ್ಯಾಹ್ನ ತಂಗಿಯ ಫೋನು. "ನನ್ನ ಕತ್ತರಿ ಬೆಟಗೇರಿಯೊಳಗ ಉಳದೈತಿ. ಅದರಲೆ ನಿನ್ನ ಹುಡುಗರು ಕಾಗದ ಕತ್ತರಿಸಿ ಮೊಂಡ ಮಾಡಿದ್ರ ನೋಡು, ನಿನ್ನ ಬಿಡಾಂಗಿಲ್ಲ" ಅಂತ ಬೈದಳು. ನಾನು ಕಾಲೇಜಿನ ವರಾಂಡದಲ್ಲಿ ನಿಂತು ಅತ್ತೆ.

ಆ ದಿನ ನನ್ನ ಕುರ್ಚಿ ಎತ್ತಿಕೊಂಡು ಮತ್ತೆ ಅವರ ಪಕ್ಕಕ್ಕೆ ಹಾಕಿದೆ. ತಂಗಿಗೆ ಗುಣವಾಗುತ್ತಿದೆ ಅಂದೆ. ಅವರ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ, ಸುಳ್ಳು ಹೇಳಬಾರದು. ಆದರೆ ಕ್ಷಮೆ ಕೇಳಲು ಹೋಗಲಿಲ್ಲ. "ನೀವು ಕೆಡಸಾಕ ಹೋಗಿದ್ರಿ, ಡಾಕ್ಟರು ಉಳಿಸಿದ್ರು" ಅಂದೆ. "ಇರಬಹುದು" ಅಂದರು.

ಅವರ ನಿವೃತ್ತಿಯ ದಿನ ಪ್ರಾಚಾರ್ಯರು ಭಾಷಣದಲ್ಲಿ ಇವರು ಸಾವಿರಾರು ವಿದ್ಯಾರ್ಥಿಗಳ ಬದುಕು ರೂಪಿಸಿದರು ಅಂದರು. ಉತ್ತರ ಕೊಡಲು ಎದ್ದ ಸರ್, "ನಾ ರೂಪಿಸೇನೋ ಇಲ್ಲೋ ತಿಳೀಬೇಕಂದ್ರ, ನಾ ಕಲಿಸದ ಅಷ್ಟ ಹುಡುಗರನ್ನ ಬಾಜೂಕ ನಿಲ್ಲಿಸಿ ನೋಡಬೇಕಾಗತೈತಿ" ಅಂದು ಕೂತುಬಿಟ್ಟರು. ಹಾರ ಹಿಡಿದು ನಿಂತವರಿಗೆ ಹಾಕಬೇಕೋ ಬೇಡವೋ ತಿಳಿಯಲಿಲ್ಲ.

ನಿವೃತ್ತಿಯಾದ ಮೇಲೆ ವಾರಕ್ಕೊಮ್ಮೆ ಫೋ‌ನಿನಲ್ಲಿ ಪುಸ್ತಕದ ಜಗಳ ನಡೆಯುತ್ತಿತ್ತು. ಕೊನೆಯ ಸಲ ನಾನು, "ಇನ್ನರ ಆ ವಾಕ್ಯ ತೆಗೀರಿ ಸರ್. ಮನುಷ್ಯರೊಳಗ ಖಾತ್ರಿಯಿಲ್ಲ ಅಂತೀರಿ, ನನ್ನ ತಂಗಿ ಮನುಷ್ಯಾಳ ಅಲ್ಲೇನು? ಆಕಿನ ಪುರಾವೆ" ಅಂದೆ.

"ಒಬ್ಬರು ಪುರಾವೆ ಆಗೂದಿಲ್ರಿ. ಆಕಿ ತಾನಾಗೇ ಆರಾಮ ಆಗಿರಬಹುದು."

ನಾನು ಫೋನು ಕುಕ್ಕಿದೆ. ಒಂಬತ್ತು ದಿನಕ್ಕೆ ಅವರ ಮಗಳು ಫೋನು ಮಾಡಿದಳು. ಬೆಳಿಗ್ಗೆ ನಮಾಜು ಮುಗಿಸಿ ಬಂದು ಕೂತವರು ಹಾಗೇ ಒರಗಿದರಂತೆ. ಲಕ್ಷ್ಮೇಶ್ವರಕ್ಕೆ ಮಣ್ಣಿಗೆ ಹೋದೆ. ಮರಳಿ ಹೊರಡುವಾಗ ಆ ಹುಡುಗಿ ಹಾಳೆಗಳ ಕಟ್ಟು ಕೈಗಿಟ್ಟು, "ಅಬ್ಬಾ ಇದು ನಿಮಗ ಕೊಡು ಅಂದಿದ್ರು" ಅಂದಳು. ಕಟ್ಟಿನ ಮೇಲೆ ಆ ಎರಡು ಚಿತ್ರಗಳೂ ಇದ್ದವು.

ಮನೆಗೆ ತಂದು ಬಿಚ್ಚಿ ನೋಡಿದರೆ ಹನ್ನೊಂದು ಕಡೆ ಅದೇ ವಾಕ್ಯ. ಹನ್ನೊಂದೂ ಹೊಡೆದೆ. ಮರಳಿ ಬರೆಯಲು ಈಗ ಅವರಿಲ್ಲವಲ್ಲ. ಹೊಡೆಯುವಾಗ ಗೆದ್ದಂತೆನಿಸಿತು. ಆಮೇಲೆ ಚೆನ್ನಾಗನಿಸಲಿಲ್ಲ, ಆದರೂ ಹಾಗೆಯೇ ಅಚ್ಚಿಗೆ ಕೊಟ್ಟೆ.

ಹೋದ ವಾರ ಪ್ರೂಫ್ ಬಂತು. ತಂಗಿ ನೆಂಟರ ಮದುವೆಯ ಜಂಪರುಗಳನ್ನು ಮುಟ್ಟಿಸಲು ಬೆಟಗೇರಿಗೆ ಬಂದಿದ್ದಳು. ಪ್ರೂಫಿನ ಹಾಳೆ ಎತ್ತಿಕೊಂಡು ಇಡೀ ಮಧ್ಯಾಹ್ನ ಕೂತು ಓದಿದಳು. ಅಂದು ಹಿಂಜಿ ತೋರಿಸಿದ ಅರಳೆಯ ಮಾತನ್ನು ಸರ್ ಪುಸ್ತಕದಲ್ಲೂ ಬರೆದಿದ್ದರು, ಅಲ್ಲಿಗೆ ಬಂದಾಗ ನಕ್ಕಳು. ಕೊನೆಯ ಪುಟ ಮುಗಿಸಿ, ಮತ್ತೆ ಹಿಂದೆ ಹಿಂದೆ ತಿರುವಿ ಏನನ್ನೋ ಹುಡುಕಿದಳು.

"ಅವರ ಮಾತ ಎಲ್ಲೈತಿ?"

"ಯಾವ ಮಾತು?"

"ಖಾತ್ರಿಯಿಲ್ಲ ಅನ್ನೂದು. ಗುಳಿಗಿ ಸೋಲಬಹುದು ಅಂದಿದ್ರಲ್ಲ, ಅಂಥಾದು."

"ತೆಗದೆ. ಆ ಮಾತಿನಿಂದನ ನಿನ್ನ ಜೀವಕ್ಕ ಕುತ್ತು ಬರತಿತ್ತು."

ತಂಗಿ ಹಾಳೆ ಕೆಳಗಿಟ್ಟಳು. ಆರು ವರ್ಷದಲ್ಲಿ ಆ ದಿನಗಳ ಬಗ್ಗೆ ಆಕೆ ಬಾಯಿ ಬಿಟ್ಟಿರಲಿಲ್ಲ.

"ನೀ, ಅವ್ವ, ನಮ್ಮ ಮನಿಯವರು, ಎಲ್ಲಾರೂ ನಾಳಿ ಆರಾಮ ಆಗ್ತಿ ಅಂತಿದ್ರಿ. ನಾಳಿ ಬರೂದು, ನಾ ಹಂಗ ಇರೂದು. ಎಲ್ಲಾರೂ ಖಾತ್ರಿ ಕೊಟ್ಟದ್ದು ನನ್ನೊಳಗ ಆಗವಲ್ದು ಅಂದ್ರ ತಪ್ಪು ನಂದ ಇರಬೇಕು, ಆರಾಮ ಆಗಾಕ ನಾನ ಲಾಯಕ ಇಲ್ಲ ಅಂತ ಅನಸೂದು. ಇದು ಎಲ್ಲಾರಿಗೂ ಗೊತ್ತಾಗೂದ್ರೊಳಗ ಹೋಗಿಬಿಡಬೇಕು ಅಂತ ಸೈತ ಅನಸಿತ್ತು. ಅವರು ಒಬ್ಬರ ಅಂದ್ರು, ಗುಳಿಗಿ ಸೋಲಬಹುದು ಅಂತ. ಅಂದ್ರ ಆಗಲಿಲ್ಲಂದ್ರ ಸೋತದ್ದು ಗುಳಿಗಿ, ನಾ ಅಲ್ಲ. ಅದಕ್ಕ ನುಂಗಿದೆ. ನೀ ಹೇಳಿದ್ದಕ್ಕಲ್ಲ."

ಆಕೆ ಮೇಜಿನ ಮೇಲಿದ್ದ ಕೆಂಪು ಪೆನ್ನು ನನ್ನ ಕೈಗೆ ಕೊಟ್ಟಳು. ಪಕ್ಕದಲ್ಲಿ ಕೂತು ಮೂಲ ಹಾಳೆ ನೋಡಿ ಒಂದೊಂದೇ ಜಾಗ ಬೆರಳಿಟ್ಟು ತೋರಿಸಿದಳು. 'ಇಲಿಯಲ್ಲಿ ಕಂಡಿದೆ, ಮನುಷ್ಯರಲ್ಲಿ ಖಾತ್ರಿಯಿಲ್ಲ.' ಹನ್ನೊಂದು ಕಡೆ ಬರೆದೆ. ಏಳನೆಯದನ್ನು ದಾಟಿಸಿ ಮುಂದೆ ಹೋಗಲು ನೋಡಿದಾಗ ಕೈ ಹಿಡಿದು ನಿಲ್ಲಿಸಿದಳು.

ಇದೊಂದನ್ನು ಸರ್‌ಗೆ ಹೇಳಬೇಕಿತ್ತು. ಹೇಳಿದ್ದರೆ ಏನನ್ನುತ್ತಿದ್ದರು ಅಂತಲೂ ಗೊತ್ತು. ಕನ್ನಡಕ ತೆಗೆದು ಒರೆಸುತ್ತ, "ಒಬ್ಬರ ಮಾತು ಪುರಾವೆ ಆಗೂದಿಲ್ರಿ" ಅನ್ನುತ್ತಿದ್ದರು. ನಾನು ಸಿಟ್ಟಿನಿಂದ ಕುರ್ಚಿ ಎತ್ತಿಕೊಂಡು ಕಿಟಕಿಯ ಕಡೆ ಹೋಗುತ್ತಿದ್ದೆ. ಈ ಸಲ ಮಾತ್ರ ಎರಡು ತಿಂಗಳು ಮಾಡುತ್ತಿರಲಿಲ್ಲ, ಮರುದಿನವೇ ಮರಳಿ ತಂದು ಅವರ ಪಕ್ಕ ಹಾಕಿ ಕೂರುತ್ತಿದ್ದೆ.